ಆಗ್ನೇಯ ಮೂಲೆ

ಮಧ್ಯಾಹ್ನ ಒಂದೂವರೆಗೆ ಅದು ಗದಗಿನ ಮೇಲೆ ಹಾಯುತ್ತದೆ.
ಆ ಹೊತ್ತಿಗೆ ನಾನು ರೊಟ್ಟಿಯ ಬುತ್ತಿ ಬಿಚ್ಚಿರುತ್ತೇನೆ,
ತಲೆಯೆತ್ತಿ ನೋಡುವುದಿಲ್ಲ; ನೋಡಿದರೂ ಕಾಣುವುದಿಲ್ಲ.
ಚಿತ್ರ ಬರಲು ಇನ್ನೂ ಮೂರು ತಾಸು.
ರೇಂಜರ್ ಸಾಹೇಬರ ಖಾಲಿ ಕುರ್ಚಿ, ಕಿರುಗುಡುವ ಫ್ಯಾನು,
ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರು.
ಹುಲಿ ಚಂದ ಇದೆಯೆಂದು ತೆಗೆದಿಲ್ಲ.
ನಮ್ಮ ಗುಡ್ಡದಲ್ಲಿ ಹುಲಿ ಇಲ್ಲ.

ಶಿವರಾತ್ರಿ ಕಳೆದರೆ ಕಪ್ಪತಗುಡ್ಡದ ಬಾದೆಹುಲ್ಲು
ಒಂದು ಬೀಡಿಯ ಕಿಡಿಗೆ ಕಾಯುತ್ತ ನಿಲ್ಲುತ್ತದೆ.
ನನ್ನ ಕೆಲಸ ಇಷ್ಟೆ:
ತೆರೆಯ ಮೇಲೆ ಕೆಂಪು ಚೌಕ ಮೂಡಿದರೆ
ಅದಕ್ಕೊಂದು ಊರ ಹೆಸರು ಹುಡುಕುವುದು.
ಡೋಣಿ. ಕಡಕೋಳ. ಹಿರೇವಡ್ಡಟ್ಟಿ.
ಒಂದು ಚೌಕವೆಂದರೆ ಮೂವತ್ತೈದು ಎಕರೆ,
ಅದರೊಳಗೆ ಯಾವ ಬಂಡೆಯ ಮಗ್ಗುಲು,
ಯಾವ ಗೌಜಲಕ್ಕಿಯ ಗೂಡು,
ಚೌಕ ಹೇಳುವುದಿಲ್ಲ.

ಹೊಗೆ ಹಾಗಲ್ಲ.
ಬುಡದಲ್ಲಿ ಸಣ್ಣಗೆ, ಸೂಜಿಗೆ ಪೋಣಿಸುವಷ್ಟು;
ಗಾಳಿ ಕೈಗೆತ್ತಿಕೊಂಡಂತೆ ಅಗಲವಾಗಿ, ಸಡಿಲವಾಗಿ
ತಾಲೂಕಿನ ಗೆರೆ ಕೇಳದೆ ದಾಟಿ
ಯಾರದೋ ಒಣಹಾಕಿದ ಹಪ್ಪಳದ ಮೇಲೆ ಕೂರುತ್ತದೆ.
ನಾನು ಹಿಮ್ಮುಖ ನಡೆಯಬೇಕು,
ಹರಡಿದ್ದರಿಂದ ಸಣ್ಣದಕ್ಕೆ,
ಇವತ್ತಿನ ಬೂದಿಯಿಂದ ನಿನ್ನೆಯ ಕಡ್ಡಿಗೆ.

ಮೊದಲ ಸಲ ರಾಜೇಸಾಬ ನದಾಫನಿಗೆ ತೋರಿಸಿದಾಗ
(ಇಪ್ಪತ್ತೆರಡು ವರ್ಷದಿಂದ ವಾಚರು, ಇನ್ನೂ ದಿನಗೂಲಿ)
ಅಂಗಿಗೆ ಕೈ ಒರೆಸಿಕೊಂಡು ಬಾಗಿ ನೋಡಿದ:
‘ನಮ್ಮಜ್ಜ ಅರಳಿ ಹಿಂಜಿದಾಗ ಥೇಟ್ ಹಿಂಗ ಇರ್ತಿತ್ರಿ.
ಬಿಲ್ಲಿನ ಹೆದಿ ಮಿಡದ್ರ ಮನಿತುಂಬ ತೇಲಾಡ್ತಿತ್ತು.’
ತುಸು ತಡೆದು,
‘ಆದ್ರ ಅಜ್ಜ ಕೆಮ್ಮತಿದ್ದ. ಇದಕ್ಕ ಕೆಮ್ಮ ಬರಂಗಿಲ್ಲೇನ್ರಿ ಅಕ್ಕಾರ,
ಈ ಉಪಗ್ರಹಕ್ಕ?’

ಮನೆ ಕಟ್ಟಿಸುವಾಗ ಅವ್ವ ಹಟ ಹಿಡಿದಿದ್ದಳು,
ಒಲೆ ಆಗ್ನೇಯ ಮೂಲೆಗೇ ಇರಬೇಕು, ಅದು ಅಗ್ನಿಯ ಜಾಗ.
ನಕಾಶೆ ಬಿಡಿಸಿದರೆ ಗುಡ್ಡವೂ ನಮಗೆ ಆಗ್ನೇಯಕ್ಕೇ ಇದೆ.
ಯಾರ ಅಡಿಗೆಗೆಂದು ಹೊತ್ತಿಸುತ್ತಾರೋ.

ಆ ಮಂಗಳವಾರ ಎರಡು ಚೌಕ ಮೂಡಿದವು.
ಒಂದು ದೊಡ್ಡ ಹೊಗೆಯದು, ಕಡಕೋಳದ ಬದಿ.
ಇನ್ನೊಂದು ಅದರ ದಾರಿಗೆ ಅಡ್ಡ, ಗಾಳಿಕಂಬಗಳ ಈಚೆ,
ಒಂಟಿ.
ನದಾಫನ ಫೋನು ವ್ಯಾಪ್ತಿಯ ಹೊರಗೆ.
ಚಿತ್ರ ತೆರೆಯುವ ಮೊದಲೇ ಹೊಗೆ ಕಿಟಕಿಗೆ ಬಂದಾಗಿತ್ತು.
ಬಾಜೂ ಟೇಬಲಿನ ಹೊಳಿಬಸವ್ವ ಸೆರಗಿನಿಂದ ಮೂಗು ಮುಚ್ಚಿ
‘ಎಲ್ಲಿ ಹತ್ತೇತಿ?’ ಎಂದಳು, ನಾನು ಬೆರಳಿಟ್ಟು ತೋರಿಸಿದೆ,
ಮೂರು ತಾಸು ಹಳೆಯದಾದ ಬೆಂಕಿಯನ್ನು.

ರಾತ್ರಿ ಎಂಟಕ್ಕೆ ಫೋನು. ಉಸಿರಿನ ನಡುವೆ ಮಾತು.
‘ಎರಡನೇದು ನಾನ ಹಚ್ಚಿದ್ದರಿ. ಎದುರುಬೆಂಕಿ.
ಇಲ್ಲಂದ್ರ ಮಲ್ಲಯ್ಯನ ಗುಡಿ ಕಡೆ ಇಳೀತಿತ್ತು.
ಈಗ ಎರಡೂ ಕೂಡಿ, ತಿನ್ನಾಕ ಏನೂ ಇಲ್ದ, ಮಕ್ಕೊಂಡಾವ.’

ನಮೂನೆಯಲ್ಲಿ ಕಾರಣಕ್ಕೆ ಮೂರೇ ಖಾನೆ:
ನಿಸರ್ಗ, ಮನುಷ್ಯ, ತಿಳಿದಿಲ್ಲ.
ಯಾರೋ ಎಸೆದ ಬೆಂಕಿಗೆ ಮನುಷ್ಯ ಎಂದು ಗುರುತು ಹಾಕಿದೆ.
ನದಾಫನ ಬೆಂಕಿಗೂ ಅದೇ.
ಬೇರೆ ಖಾನೆ ಇರಲಿಲ್ಲ.

ಮರುದಿನ ಸಹಿಗೆ ಬಂದ. ಹುಬ್ಬು ಸುಟ್ಟಿತ್ತು,
ಅದಕ್ಕೇ ಮುಖ ಸದಾ ಆಶ್ಚರ್ಯಪಟ್ಟಂತೆ.
‘ನನ್ನ ಬೆಂಕಿ ತೋರಸ್ರಿ’ ಎಂದ. ತೋರಿಸಿದೆ.
‘ಇದ ಏಸರ ಜಾಗ?’
ಮೂವತ್ತೈದು ಎಕರೆ.
‘ಏ ಸುಳ್ಳರಿ! ನಾಕ ಮಾರು ಹಚ್ಚಿದ್ದೆ ಅಷ್ಟ,
ಕಾಲಾಗ ಅಳದೀನಿ.’
ಚೌಕದ ಮೇಲೆ ಹೆಬ್ಬೆರಳೊತ್ತಿ ಅಳತೆ ನೋಡಿದ,
ಎರಡು ಹಳ್ಳಿ ಮಸಿಯ ಕೆಳಗೆ ಹೋದವು.

ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ಕೊಟ್ಟೆ,
ಪುಂಡಿಪಲ್ಯ ಹಚ್ಚಿ.
ಒಂದು ತುತ್ತಿಗೆ ಕೆಮ್ಮಿದ, ನೀರು ಕುಡಿದ, ಮತ್ತೆ ಕೆಮ್ಮಿದ.
ಗಡಿಯಾರದಲ್ಲಿ ಒಂದೂವರೆ.